ತೂಕಕ್ಕ ಬಾರದ ಕೂದಲಾ

ಭಾಗ್ಯನಗರದ ಶೆಡ್ಡಿನ್ಯಾಗ ಹಗಲೆಲ್ಲ
ಕಾಣದ ಹೆಂಗಸರ ಸಿಕ್ಕು ಬಿಡಿಸ್ತೀನಿ.
ಯಾರ ತಲಿ, ಯಾವ ಊರು, ಗೊತ್ತಿಲ್ಲ.
ಸೂಜಿ ಹಾಕಿ ಎಳಿ ಎಳಿ ಬಿಡಿಸಿ
ಬೇರು ಈ ಕಡೆ, ತುದಿ ಆ ಕಡೆ.
ಸಂಜಿಗೆ ತಕ್ಕಡಿ. ಗ್ರಾಂ ಲೆಕ್ಕ.
ಹೊರಗ ಬರೋವಾಗ
ಸೆರಗು ಝಾಡಿಸಿ ತೋರಿಸಬೇಕು.

ರಾತ್ರಿ ತಮ್ಮ ಯಮನೂರ ಬಂದು ಕುಂದರ್ತಾನ.
"ಅಕ್ಕಾ, ಇದಕ್ಕೊಂದು ಜುಟ್ಟು ಕಟ್ಟು."
ಅಂಗೈಯಾಗ ಗಾಳ. ಅದರ ಕುತ್ತಿಗಿಗೆ
ಕಡ್ಲಿಕಾಳಿನಷ್ಟು ಸೀಸದ ಗುಂಡು:
ಖಾಜಾನ ಪಂಕ್ಚರ್ ಅಂಗಡಿ ಮುಂದ
ಗಾಲಿಯಿಂದ ಉದುರಿದ್ದು,
ಹಳೇ ಸೌಟಿನ್ಯಾಗ ಕರಗಿ
ಇಟ್ಟಂಗಿ ಕೊರೆದ ಅಚ್ಚಿಗೆ ಇಳದದ್ದು.
ಎರಿಹುಳ ಚುಚ್ಚಬಾರದೇನಪಾ ಅಂದೆ.
"ಬಾಳಿಮೀನಕ್ಕ ಹುಳ ಬ್ಯಾಡ,
ತಪ್ಪಿಸಿಕೊಂಡು ಓಡೋದು ಬೇಕು."

ಮೊದಲ ಕಟ್ಟಿದ್ದು ನನ್ನವ,
ಬಾಚಣಿಗ್ಯಾಗ ಉಳದದ್ದು.
ಬಕೆಟ್ಟಿನ್ಯಾಗ ಬಿಟ್ಟು ನೋಡಿದ್ವಿ.
ದುಡದು ಬಂದಾಕಿ ಗ್ವಾಡಿಗೆ ಆತು ಕುಂತಂಗ
ಗಾಳಕ್ಕ ಅಂಟಿ ಮಲಕೊಂಡ್ತು.
ಎಳದ್ರ ಬರ್ತೈತಿ, ಬಿಟ್ರ ಬೀಳ್ತೈತಿ,
ತಾನಾಗಿ ಏನೂ ಮಾಡಂಗಿಲ್ಲ.

ನಾಯಿ ಬಾಲದ್ದು ಚೂರು ಅಲುಗ್ತು, ಅಷ್ಟ.
ಅಳಿಲಂದು ತರ್ತೀನಿ ಅಂದ.
ರಸ್ತ್ಯಾಗ ಸತ್ತಿದ್ದಾದ್ರೂ ಬ್ಯಾಡ ಅಂದೆ.

ಐತಾರ ಫಕ್ಕೀರವ್ವನ ಹಟ್ಟಿಗೆ ಹೋದ್ವಿ.
ಕತ್ತರಿ ಕಂಡದ್ದ ತಡ, ಹೋತ ಹಾಯಾಕ ಬಂತು.
ಆಕಿ ಮೊಣಕಾಲ ಸಂದಿಗೆ ಹಿಡದು ನಿಂತ್ಲು:
"ಗಡ್ಡ ಮುಟ್ಟಬ್ಯಾಡ್ರಿ, ನಾರ್ತೈತಿ,
ಮೀನಕ್ಕೂ ಮೂಗೈತಿ. ಬಾಲದ್ದ ತಗೋರಿ."
ಮ್ಯಾಲ ಕರಿ, ಅಡಿ ಬಿಳಿ,
ಸಣ್ಣ ಮೀನಕ್ಕ ಇರೋದು ಹಂಗ ಅಲ್ಲೇನು.
ನೀರಿಗೆ ಬಿದ್ದದ್ದ ಅರಳ್ತು.
ಎಳದ್ರ ಮುಚ್ಚತೈತಿ, ಬಿಟ್ರ ಬಿಚ್ಚತೈತಿ,
ನಿದ್ದಿಗಣ್ಣಿನ ಕೂಸು ಅಂಗೈ ತೆರದಂಗ.
ಇಬ್ಬರೂ ಮಾತಾಡಲಿಲ್ಲ.

ಇನ್ನಷ್ಟು ತುಂಬು ಅಂತಾನ ಅಂವ.
ನಾ ಕಡ್ಡಿಪೆಟ್ಟಿಗಿ ಕಡ್ಡಿಯಷ್ಟ ತಗೋತೀನಿ.
ದಪ್ಪ ಆದ್ರ ಉಸಿರು ಕಟ್ತೈತಿ.
ಬುಡ ಸಮ ಕತ್ತರಸ್ತೀನಿ.
ತುದಿ ಹೆಂಗೈತಿ ಹಂಗ ಬಿಡ್ತೀನಿ,
ಶೆಡ್ಡಿನ್ಯಾಗ ಹಿಂಗ ಬಿಟ್ರ ಕೂಲಿ ಮುರೀತಾರ.
ಕೆಂಪು ಹೊಲಿಗಿ ದಾರ, ಹನ್ನೆರಡು ಸುತ್ತು,
ಹಲ್ಲಿಂದ ಹರದು,
ಗಂಟಿನ ಮ್ಯಾಲ ಮಗಳ ನೇಲ್ ಪಾಲಿಶ್ ಒಂದ ಹನಿ.
ಆಕಿ ಇನ್ನೂ ಹುಡುಕಾಕತ್ತಾಳ ಶೀಸೆ.

ಡ್ಯಾಮಿನ ಗೇಟು ತಗದು
ಹೊಳಿ ಚಾದ ಬಣ್ಣ ಆದಾಗ ಕರೇದು.
ತಿಳಿನೀರಿಗೆ ಬಿಳೇದು, ಸಣ್ಣ ಗುಂಡಿಂದು.
ಸೆಳವು ಜೋರಿದ್ರ ಸೀಸ ಹೆಚ್ಚು.
ಫ್ಯಾಕ್ಟರಿ ನೀರು ನೊರಿಗಟ್ಟಿ ಬಂದ್ರ
ಯಾವುದೂ ಅಲ್ಲ, ಮನೀಗೆ ಬಾ.

ಮುಂದಿನ ಐತಾರ ನಾನೂ ಹೋದೆ,
ಹುಲಗಿ ಸೇತುವಿ ಕೆಳಗ, ಬಂಡಿಗಲ್ಲಿನ ಮಡುವಿಗೆ.
ಹೊತ್ತು ಮುಳುಗೋದರಾಗ ಮೂರು ಗಾಳ ಕಲ್ಲು ನುಂಗಿತ್ತು.
ನಾಕನೇದರ ದಾರ ನನ್ನ ಕೈಯಾಗಿತ್ತು.
ಟಕ್ ಅಂತು.
"ಬಿಡಕ್ಕಾ, ಅದೂ ಕಲ್ಲ" ಅಂದ.
ಕಲ್ಲಲ್ಲ ಅಂದೆ.
ಹದಿನಾಲ್ಕು ವರ್ಷದಿಂದ ಸಿಕ್ಕು ಹಿಡದ ಬೆರಳಿವು,
ಸತ್ತ ಗಂಟು ಯಾವುದು,
ಜೀವ ಇರೋದು ಯಾವುದು, ತಿಳೀತೈತಿ.
ದಾರ ಓರಿ ಆತು, ಸೆಳವಿನ ಎದುರಿಗೆ ಹೊಂಟ್ತು,
ಬೆರಳು ಕೊಯ್ತು,
ಒಮ್ಮಿಗೆಲೆ ಹಗುರಾತು.

ಜುಟ್ಟು ವಾಪಸ್ ಬಂತು, ಅರ್ಧ ಬೋಳು.
ಉಳದ ಅರ್ಧ ನನ್ನ ಅಂಗೈಯಾಗ
ತೊಟ್ಟಿಕ್ಕತಾ ಇನ್ನೂ ಅರಳಾಕತ್ತಿತ್ತು.
ಯಮನೂರ ಬೈಕೋತ ಬೀಡಿ ಹಚ್ಚಿದ.
ನನಗ ನಗಿ ಬಂತು, ಯಾಕೋ.

ಸ್ವಾಮಾರ ಸಂಜಿ ಬಾಗಿಲದಾಗ
ಸೆರಗು ಝಾಡಿಸಿದ್ರ ಒಂದೆಳಿ ಬಿತ್ತು.
ಮೇಸ್ತ್ರಿ ಎತ್ತಿ ಟ್ಯೂಬ್‌ಲೈಟಿಗೆ ಹಿಡದ:
"ಗಿಡ್ಡೈತಿ, ಒರಟೈತಿ. ಯಾರದಿದು?"
ಹೋತಂದ್ರೀ ಸರ ಅಂದೆ.
ನಂಬಲಿಲ್ಲ ಅಂವ.
ತಕ್ಕಡಿಗೆ ಹಾಕಿ ನೋಡಿದ.
ಮುಳ್ಳು ಅಲುಗಲಿಲ್ಲ.