ಬಿಳಿ ಪಟ್ಟಿ

ಖಲ್ಫಾನನ ಪುಟ್ಟ ವಿಮಾನದ ದೂರುಪುಸ್ತಕದಲ್ಲಿ
ಮೂರು ಕೈಬರಹ, ಒಂದೇ ಮಾತು:
ನ್ಯಾವ್ ಲೈಟಿನ ಬ್ರೇಕರ್ ಹಾರಿತು. ಒತ್ತಿದೆ. ಸರಿಹೋಯಿತು.
ಮಾರ್ಚಿನಲ್ಲಿ ಒಂದು ಸಲ, ಮೇ ತಿಂಗಳಲ್ಲಿ ಒಂದು ಸಲ,
ಮೊನ್ನೆ ಗುರುವಾರ ಸಂಜೆ ನಾಲ್ಕು ಸಲ.

ಸರಿಹೋಯಿತು ಎಂಬ ಪದದ ಮೇಲೆ
ನನಗೆ ಮೊದಲಿನಿಂದಲೂ ಗುಮಾನಿ.

ರಾಸ್ ಅಲ್ ಖೈಮಾ. ಆಗಸ್ಟ್.
ಬೆಳಗಿನ ನಾಲ್ಕಕ್ಕೇ ಹ್ಯಾಂಗರಿನ ತಗಡು ಬೆವರುತ್ತದೆ.
ಎಂಟು ದಾಟಿದರೆ ಸ್ಪ್ಯಾನರ್ ಹಿಡಿದ ಕೈಗೆ ಬೊಬ್ಬೆ,
ಪೋಖರಾದ ಹುಡುಗ ಡಂಬರ್
ಅವನ್ನು ಒದ್ದೆ ಗೋಣಿಯಲ್ಲಿ ಕೂಸಿನ ಹಾಗೆ ಸುತ್ತಿಡುತ್ತಾನೆ.

ಎರಡು ಸಾಲು ಕರಿ ಗುಂಡಿ.
ಪ್ರತಿಯೊಂದರ ನೆತ್ತಿಯ ಮೇಲೂ ಅದು ತಾಳುವಷ್ಟರ ಲೆಕ್ಕ:
ಐದು, ಹತ್ತು, ಹದಿನೈದು.
ಒಳಗಿದ್ದಾಗ ಎಲ್ಲವೂ ಒಂದೇ ತರ.
ಹೊರಗೆ ಬಂದದ್ದಕ್ಕೆ ಮಾತ್ರ
ಕತ್ತಿನ ಸುತ್ತ ಒಂದು ಬಿಳಿ ಪಟ್ಟಿ.

'ಹತ್ತರದ್ದು ತೆಗೆ, ಇಪ್ಪತ್ತರದ್ದು ಹಾಕು,
ಖಲಾಸ್' ಅಂದ ಖಲ್ಫಾನ್.

ರಾಣೆಬೆನ್ನೂರಿನ ನಮ್ಮ ರಿವೈಂಡಿಂಗ್ ಅಂಗಡಿಯಲ್ಲಿ
ದಿನಕ್ಕೆರಡು ಸಲ ಫ್ಯೂಸು ಹೋಗುತ್ತಿತ್ತು.
ಬೇಸತ್ತ ಅಪ್ಪ ಕೂದಲೆಳೆಯಂಥ ತಂತಿ ಕಿತ್ತು
ಸೈಕಲ್ ಕಡ್ಡಿಯಷ್ಟು ದಪ್ಪನೆಯ ತಾಮ್ರ ಸುತ್ತಿದ.
'ಇನ್ನ ಹೋಗಂಗಿಲ್ಲ ನೋಡು.'
ಹೋಗಲಿಲ್ಲ, ನಿಜ.
ಹೋದದ್ದು ಗೋಡೆ, ವಾರ್ನಿಷ್ ಡಬ್ಬಿ,
ಹದಿನಾಲ್ಕು ಗಿರಾಕಿಗಳ ಪಂಪು, ಅಪ್ಪನ ಬಲಹುಬ್ಬು.
ಹುಬ್ಬು ಮತ್ತೆ ಬರಲಿಲ್ಲ.
ಆಮೇಲಿನ ಎಲ್ಲ ಫೋಟೋಗಳಲ್ಲೂ
ಅವನ ಮುಖದ ಅರ್ಧ ಯಾವುದನ್ನೋ ನಂಬದ ಹಾಗೆ.

ಇಷ್ಟನ್ನು ಹೇಳುವಷ್ಟು ಅರಬ್ಬಿ ನನಗೆ ಬರುವುದಿಲ್ಲ.
'ಲಾ' ಅಂದೆ.
ಅವನು ಮುಖ ಊದಿಸಿ ಕಾರಿನ ಏಸಿಯಲ್ಲಿ ಹೋಗಿ ಕೂತ.

ಎಡರೆಕ್ಕೆಯ ಕೆಂಪು ಬಿಚ್ಚಿದೆವು, ಬಲದ ಹಸಿರು, ಬಾಲದ ಬಿಳಿ.
ಹೋಲ್ಡರಿನೊಳಗೆ ಉಪ್ಪು, ಕಿಲುಬು. ಉಜ್ಜಿದೆವು.
ಮೀಟರು ಒಂದು ಕೈ ತಂತಿಯ ಮೇಲೆ, ಒಂದು ಕೈ ವಿಮಾನದ ಮೈಮೇಲೆ ಇಟ್ಟು
ನಿಮ್ಮಿಬ್ಬರಿಗೂ ಸಂಬಂಧವುಂಟೇ ಎಂದು ಕೇಳಿತು.
ಇಲ್ಲ. ಇಲ್ಲ. ಇಲ್ಲವೇ ಇಲ್ಲ.
ನೆಲದ ಮೇಲೆ ಎಲ್ಲ ತಂತಿಯೂ ಸಾಚಾ.

ಹತ್ತು ಗಂಟೆಗೆ ಕಾರಿನ ಗಾಜು ತಟ್ಟಿದೆ:
ಹಾರಿದಾಗ ನೀನು ಏನು ಮಾಡುತ್ತಿದ್ದೆ?
ಖಲ್ಫಾನ್ ಮಾತಾಡಲಿಲ್ಲ.
ಎರಡೂ ಕೈ ಗಾಳಿಯಲ್ಲಿ ಹಿಡಿದು ಎಡಕ್ಕೆ ವಾಲಿಸಿದ,
ಸಮುದ್ರದ ಮೇಲಿಂದ ರನ್‌ವೇ ಕಡೆಗೆ ಮನೆಗೆ ಬರುವ ತಿರುವು.

ಪೆಡಲುಗಳ ನಡುವೆ ತಲೆ ತೂರಿಸಿ ಅಂಗಾತ ಬಿದ್ದೆ,
ಟಾರ್ಚು ಹಲ್ಲಿನಲ್ಲಿ.
ಡಂಬರ್ ಚುಕ್ಕಾಣಿ ತಿರುಗಿಸಿದ.
ಬಲಕ್ಕೆ: ಮೀಟರು ಸುಮ್ಮನೆ.
ಎಡಕ್ಕೆ, ಇನ್ನೂ ಎಡಕ್ಕೆ, ಪೂರಾ ಎಡಕ್ಕೆ:
ಕೀ ಎಂದಿತು.

ಮ್ಯಾಪ್ ಲೈಟಿನ ತಂತಿ.
ಯಾರೂ ಹಚ್ಚದ, ಬೊಟ್ಟಿನಷ್ಟು ದೀಪಕ್ಕೆ ಹೋಗುವಂಥದ್ದು.
ಕ್ಲಾಂಪು ಸಡಿಲಾಗಿ, ಜೋತುಬಿದ್ದು,
ಪ್ರತಿ ಎಡತಿರುವಿಗೂ ಲೋಹಕ್ಕೆ ಮೈ ತಿಕ್ಕಿ
ಅಕ್ಕಿಕಾಳಿನಷ್ಟು ಸಿಪ್ಪೆ ಸುಲಿದಿತ್ತು.
ನಡುವೆ ಹೊಸ ತಾಮ್ರ, ಸುತ್ತ ಕಾಡಿಗೆ.
ಅಲ್ಲಿಂದ ಎರಡು ಬೆರಳು ಆಚೆ ಪೆಟ್ರೋಲಿನ ಕೊಳವೆ.

ಖಲ್ಫಾನನನ್ನು ಕರೆದೆ.
ಇಸ್ತ್ರಿ ಮಾಡಿದ ಬಿಳಿ ಕಂದೂರದಲ್ಲೇ ಅವನು ಮಲಗಿ
ನನ್ನ ಟಾರ್ಚಿನ ಬೆಳಕು ಹೋದಲ್ಲಿಗೆ ಕಣ್ಣು ಒಯ್ದ.
ಬಹಳ ಹೊತ್ತು ಅಲ್ಲೇ ಇದ್ದ.
ಎದ್ದಾಗ ಬೆನ್ನೆಲ್ಲ ಗ್ರೀಸು.
ಬಲಗೈ ಹೆಬ್ಬೆರಳನ್ನು ಕಂದೂರಕ್ಕೆ ಒರೆಸಿದ,
ಮತ್ತೆ ಒರೆಸಿದ.
ಆರು ಸಲ ಅದು ಬೇಡ ಅಂದಿತ್ತು,
ಆರು ಸಲವೂ ಅದರ ನೆತ್ತಿ ಒತ್ತಿದ ಬೆರಳುಗಳಲ್ಲಿ
ಅದೂ ಒಂದು.

ಹೊಸ ತಂತಿ, ತೋಳು, ಕ್ಲಾಂಪು: ಒಟ್ಟು ಮೂವತ್ತು ದಿರ್ಹಮ್.
ಗುಂಡಿ ಒತ್ತಿದೆ. ಬಿಳಿ ಪಟ್ಟಿ ಮುಳುಗಿತು.
ರೆಕ್ಕೆಯ ತುದಿಯಲ್ಲಿ ಹಗಲಿಗೆ ಬೇಡವಾದ ಕೆಂಪು.

ಪುಸ್ತಕದಲ್ಲಿ ಸರಿಹೋಯಿತು ಎಂದು ಬರೆಯಲಿಲ್ಲ.
ಎಲ್ಲಿ, ಏನು ಕಂಡೆ, ಯಾವುದನ್ನು ಯಾವುದಕ್ಕೆ ಕಟ್ಟಿದೆ,
ಅಷ್ಟೇ ಬರೆದೆ. ತಲೆಯೆತ್ತಿ ನೋಡಿದರೆ
ಕಾಕ್‌ಪಿಟ್ಟಿನಲ್ಲಿ ಡಂಬರ್ ಇನ್ನೂ ಎಡಕ್ಕೆ ತಿರುಗಿಸುತ್ತಿದ್ದಾನೆ,
ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ.
ನಿಲ್ಲಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.