ಕಿಲುಬಿನ ಹಸಿರು

ಪಟ ಹನ್ನೊಂದು.
ಎಡಕ್ಕೆ ದಫ್ ಹಿಡಿದ ಇಬ್ಬರು, ಕೊಳಲಿನವನೊಬ್ಬ.
ಕೊಳಲಿನ ಐದು ತೂತು ಚಿತ್ರಕಾರ ಬರೆದದ್ದು,
ಆರನೆಯದು ಹುಳು ಕೊರೆದದ್ದು.
ಬಲಕ್ಕೊಬ್ಬ ಮುದುಕ, ಉದ್ದ ತೋಳಿನ ತುದಿಯಿಂದ
ಕಣ್ಣೊತ್ತಿಕೊಳ್ಳುತ್ತಿದ್ದಾನೆ.
ನೆಲದ ಮೇಲೆ ಸುತ್ತು ಬಿಚ್ಚಿದ ಒಂದು ರುಮಾಲು.
ಯಾರದೆಂದು ನೋಡಿದರೆ
ಎಲ್ಲರ ತಲೆಯ ಮೇಲೂ ಒಂದೊಂದಿದೆ.
ನಡುವೆ ಕುಣಿಯುತ್ತಿದ್ದವನು
ಇಲ್ಲ.

ನಮೂನೆಯಲ್ಲಿ 'ನಷ್ಟ' ಎಂಬುದಕ್ಕೊಂದು ಮನೆಯಿದೆ.
ಬರೆದೆ: ನಿಲುವಂಗಿ ಒಂದು, ಹಸಿರು,
ಐದು ಸೆಂಟಿಮೀಟರ್ ಎತ್ತರ, ಮೂರು ಅಗಲ,
ಒಳಗಿದ್ದವನ ಸಮೇತ.
ಅಂಗಿಯ ಆಧಾರ ತಪ್ಪಿ ತಲೆಯೂ ಉದುರಿದೆ.
ಉಳಿದಿರುವುದು, ತಿರುಗಿದ ಭರಕ್ಕೆ ಹಾರಿದ
ಬಿಳಿ ಒಳಂಗಿಯ ಎರಡು ತೋಳತುದಿ,
ಮತ್ತೆ ಒಂದು ಹಿಮ್ಮಡಿ.

ತಾಮ್ರದ ತಗಡನ್ನು ಹುಳಿಯಲ್ಲಿಟ್ಟು
ಕೆರೆದು ತೆಗೆದ ಬಣ್ಣ ಇದು.
ನಮ್ಮಜ್ಜಿ ಹಂಡೆಯ ಕಂಠದಿಂದ ಹುಣಸೆಹಣ್ಣು ಹಾಕಿ
ಬೈದು ಬೈದು ತಿಕ್ಕಿ ತೆಗೆಯುತ್ತಿದ್ದ ಅದೇ ಕಿಲುಬು
ಅಲ್ಲಿ ಒಬ್ಬ ಫಕೀರನಿಗೆ ಅಂಗಿಯಾಗಿತ್ತು.
ಆರಿದ ಮೇಲೂ ಸುಮ್ಮನಿರದ ಬಣ್ಣ.
ನೂರು ವರ್ಷ, ಇನ್ನೂರು ವರ್ಷ
ಕಾಗದವನ್ನು ಒಳಗೊಳಗೇ ಮೆಲ್ಲುತ್ತದೆ,
ಕಂದುತ್ತದೆ, ಬಿರಿಯುತ್ತದೆ,
ಒಂದು ಬೆಳಿಗ್ಗೆ ಹಾಳೆ ಎತ್ತಿದರೆ
ಅಂಗಿ ಮೇಜಿನ ಮೇಲೇ ಉಳಿಯುತ್ತದೆ.

ಚಿಟಿಕೆ ಕೇಸರಿ ಬೆರೆಸಿದ್ದರೆ ತಡೆಯುತ್ತಿತ್ತು.
ಹಳೆಯ ಬಣ್ಣಗಾರರಿಗೆ ಗೊತ್ತಿದ್ದ ಮಾತೇ.
ಇವನೇಕೆ ಬಿಟ್ಟ?
ಕೇಸರಿ ತುಟ್ಟಿಯಾಗಿತ್ತೋ, ಧಣಿ ಅವಸರ ಮಾಡಿದನೋ,
ಕುಣಿಯುವವನನ್ನು ಎಷ್ಟು ದಿನ ಹಿಡಿದಿಡುವುದೆಂದು
ಬೇಕೆಂದೇ ಬಿಟ್ಟನೋ—
ಇದಕ್ಕೆ ನಮೂನೆಯಲ್ಲಿ ಮನೆಯಿಲ್ಲ.

ಜುಲೈ. ಫೋರ್ಟಿನ ಈ ಎರಡನೇ ಮಹಡಿಯಲ್ಲಿ
ತೇವದ ಮುಳ್ಳು ಅರವತ್ತೆಂಟು ದಾಟಿದೆ.
'ತುಂಬುತ್ತೀಯೋ, ಬಿಡುತ್ತೀಯೋ,
ಸೋಮವಾರದೊಳಗೆ ಹೇಳು' ಎಂದಿದ್ದಾರೆ ಗಾಂದೇವಿಯಾ ಮೇಡಂ.
ಪಿಂಗಾಣಿ ತಟ್ಟೆಯಲ್ಲಿ ಮೂರು ಹಸಿರು ಕಲಸಿಟ್ಟಿದ್ದೇನೆ.
ಮೂರೂ ಸುಳ್ಳು ಹಸಿರು, ಯಾವುದನ್ನೂ ತಿನ್ನದವು.

ಚೌಕಟ್ಟಿನ ಅಳತೆಗೆ ಬಂದ ದಾವಲಸಾಬ,
ಸವಣೂರಿನವನು,
ಎಡಗಿವಿಯನ್ನು ಪರೇಲಿನ ಮಗ್ಗಗಳ ಸದ್ದಿಗೆ ಕೊಟ್ಟು
ಗಿರಣಿ ಮುಚ್ಚಿದ ಮೇಲೆ ಬಡಗಿಯಾದವನು,
ಟೇಪು ಬಿಚ್ಚದೆ ಬಹಳ ಹೊತ್ತು ನೋಡಿದ.
'ಹೋಗಿಲ್ಲ ಬಾಯಾರ.
ದಫ್ಪಿನವನ ಕೈ ಇನ್ನೂ ಮ್ಯಾಲೈತಿ ನೋಡ್ರಿ.
ಬಾರ್ಸೋದು ನಿಂತಿಲ್ಲಂದ್ರ
ಇವಾ ಎಲ್ಲಿ ಹೋದಾನು?'

ಹಾಳೆಯನ್ನು ಅದರ ಮುಂದಿನ ಹಾಳೆಯ ಮೇಲಿಟ್ಟೆ.
ಅಂಗಿಯಿದ್ದ ಜಾಗಕ್ಕೆ ಕೆಳಗಿನ ಪದ್ಯದ ಒಂದು ಪದ
ಬಂದು ನಿಂತಿತು, ಸರಿಯಾಗಿ ಎದೆಯ ಎತ್ತರಕ್ಕೆ.
ನನಗೆ ಆ ಲಿಪಿ ಬರೀ ಬಳ್ಳಿ.
ಮೇಡಂ ಬಗ್ಗಿ ಓದಿದರು: 'ಬಾದ್. ಗಾಳಿ.'
ಗಾಳಿ! ಇಷ್ಟು ಚೆನ್ನಾಗಿ ಕೂಡಿಬಂದರೆ
ನನಗೆ ನಂಬಿಕೆ ಬರುವುದಿಲ್ಲ.

ದಾವಲಸಾಬ ಬೆರಳು ಮುಟ್ಟಿಸದೆ ಅಕ್ಷರ ಕೂಡಿಸಿದ,
ಬೇ, ಅಲಿಫ್, ದಾಲ್.
'ಇದು ಗೇಟಿನ ಮುಂದಿನ ಮಾತರಿ.
ಬಿಸಲಾಗ ನಿಂತು ವರ್ಷಗಟ್ಲೆ ಕೂಗೀವಿ,
ಜಿಂದಾ ಬಾದ್.
ಮುಂದಿಂದು ಹರದು ಹೋತು,
ಹಿಂದಿಂದು ಉಳೀತು.'
ಮೇಡಂ ಕನ್ನಡಕ ತೆಗೆದರು: ಹೌದು, ಅದೂ ಹೌದು.
ಬದುಕಿರಲಿ ಎನ್ನುವುದರಲ್ಲಿ
ಬದುಕು ತೆಗೆದರೆ ಉಳಿಯುವುದು.

ಇರಲಿ.

ಕುಂಚ ತೊಳೆದೆ. ಮೂರೂ ಹಸಿರು
ಬೋಗುಣಿಯ ನೀರಿನಲ್ಲಿ ಒಂದಾಗಿ ಮೋರಿಗೆ ಹೋದವು.
ಅಂಚು ಜಗ್ಗದಂತೆ ಹಿಂಬದಿಗೆ ತೆಳು ಕಾಗದ ಅಂಟಿಸುತ್ತೇನೆ,
ಆಚೆಯದು ಕಾಣುವಷ್ಟು ತೆಳುವಾದದ್ದು, ಅಷ್ಟೇ.
ದಾವಲಸಾಬ ಈಗ ಅಳತೆ ತೆಗೆದ,
ಪೆನ್ಸಿಲ್ಲನ್ನು ಕೇಳದ ಕಿವಿಗೆ ಸಿಕ್ಕಿಸಿ
ಐದೂ ನಲವತ್ತರ ಲೋಕಲ್ಲಿಗೆ ಓಡಿದ.

ಮೇಜಿನ ಮೇಲೆ ಉದುರಿದ ಪುಡಿಯನ್ನು
ಗರಿಯಿಂದ ಗುಡಿಸಿ ಲಕೋಟೆಗೆ ತುಂಬಿದೆ,
ಪಟ ಹನ್ನೊಂದು ಎಂದು ಬರೆದೆ.
ತೂಕದ ಮನೆ ಖಾಲಿ.
ಮಿಲಿಗ್ರಾಮಿನ ತಕ್ಕಡಿಯ ಮೇಲೆ ಎರಡು ಸಲ ಇಟ್ಟೆ,
ಲಕೋಟೆಯ ತೂಕ ಕಳೆದರೆ
ಅದು ಏನನ್ನೂ ತೋರಿಸಲಿಲ್ಲ.