ಉಬ್ಬುಗೆರೆ

ಅಶೋಕ ರಸ್ತೆಯ ಗೇಟು ಬಿದ್ದರೆ
ನನ್ನ ಕೆಲಸವೂ ನಿಲ್ಲುತ್ತದೆ.
ರೈಲು ದಾಟುವವರೆಗೆ ಮೇಜು ನಡುಗಿ
ಭೂತಗನ್ನಡಿಯೊಳಗಿನ ಸಿಂಹಗಳು
ಮೂರಿದ್ದವು ಆರಾಗುತ್ತವೆ.

ಬೆಳಗ್ಗೆ ಬೆಳ್ಳಿ ಕರಡಿಗೆಗೆ ಅಚ್ಚು ಕೆತ್ತುತ್ತೇನೆ,
ಅದು ಹೊಟ್ಟೆಗೆ.
ಮೂರರ ಮೇಲೆ, ಬಿಸಿಲು ಕಿಟಕಿಯಲ್ಲಿ ವಾಲಿದಾಗ,
ಜನ ತಂದ ನಾಣ್ಯ ನೋಡುತ್ತೇನೆ.
ಪ್ರೂಫ್ ನಾಣ್ಯಕ್ಕೆ ನೇರ ಬೆಳಕು ಆಗದು;
ನಿಮ್ಮ ಮುಖವನ್ನೇ ನಿಮ್ಮ ಕೈಗಿತ್ತು ಕಳಿಸುತ್ತದೆ.
ಓರೆ ಹಿಡಿಯಬೇಕು,
ಪಕ್ಕದ ಮನೆಯ ಜಗಳ ನೋಡಿದ ಹಾಗೆ.

ಕೊಟ್ರಬಸಮ್ಮ ಬಂದದ್ದು ಅಂಥ ಹೊತ್ತಿನಲ್ಲೇ,
ಮಂಡಕ್ಕಿ ಭಟ್ಟಿಯ ಬೂದಿ ಸೆರಗಿಗಿನ್ನೂ ಅಂಟಿತ್ತು.
ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಯಜಮಾನರು
ಮುಂಬಯಿ ಟಂಕಸಾಲೆಗೆ ದುಡ್ಡು ಕಟ್ಟಿ
ತರಿಸಿಕೊಂಡ ನೀಲಿ ಡಬ್ಬಿ.
"ಹತ್ತು ರೂಪಾಯಿದ್ರಾಗೆ ಇಸವಿ ಎರಡೆರಡು ಕಾಣ್ತಾವಂತೆ,
ಲಕ್ಷ ಬರ್ತೈತಂತೆ.
ಭಟ್ಟಿಗೆ ಹೊಸ ಮಿಷನ್ ಹಾಕ್ಬೇಕು, ನೋಡ್ರಿ."

ನೋಡಿದೆ.
ಕೊನೆಯ ಅಂಕಿ ಜೋಡಿಯಾಗಿತ್ತು, ನಿಜ.
ಆದರೆ ಎರಡನೆಯದು ಚಪ್ಪಟೆ,
ಮೆಟ್ಟಿಲಿನ ಹಾಗೆ, ಅಂಕಿಯ ಮೈಯನ್ನೇ ತಿಂದು ಆದದ್ದು.
ಅಚ್ಚಿನಲ್ಲೇ ಜೋಡಿಯಿದ್ದರೆ
ಎರಡೂ ದುಂಡಗೆ ನಿಲ್ಲುತ್ತವೆ,
ಜೋಡಿ ಬಾಳೆಹಣ್ಣಿನಂತೆ, ನಡುವೆ ಸೀಳು.

ಹೇಗೆ ಹೇಳುವುದು ಅಂದುಕೊಳ್ಳುವಷ್ಟರಲ್ಲಿ
ಗೇಟು ಬಿತ್ತು. ಹುಬ್ಬಳ್ಳಿ ಗಾಡಿ.
ಚಹಾದ ಲೋಟದಲ್ಲಿ ಉಂಗುರದ ಮೇಲೆ ಉಂಗುರ.
"ನೋಡಿದ್ರಾ ಅಮ್ಮಾ,
ಅಚ್ಚೂ ಹೀಗೇ ನಡುಗಿದೆ, ಹೊಡೆದು ಬಿಡುವಾಗ.
ಬರೀ ತೊದಲು. ಬೆಲೆಯಿಲ್ಲ."
ಗಾಡಿಯ ಕೊನೆಯ ಡಬ್ಬಿ ಹೋಗುವವರೆಗೂ ಅದನ್ನೇ ನೋಡಿ
ನಕ್ಕರು:
"ಲಕ್ಷ ರೈಲು ಹತ್ತಿ ಹೋತು ಅನ್ರಿ."

ನನಗೆ ಮಾತ್ರ ಕಣ್ಣು ಕೀಳಲಾಗಲಿಲ್ಲ.
ಕನ್ನಡಿಮೈ ತುಂಬ ಗೆರೆ, ನೂರಾರು,
ಎಲ್ಲ ತಗ್ಗಿದವು, ಎಲ್ಲ ಸುತ್ತುಸುತ್ತು.
"ಯಾವುದರಿಂದ ಒರೆಸ್ತಿದ್ರಿ?"
"ವಿಭೂತಿ. ದೀಪಾವಳಿಗೊಮ್ಮೆ.
ಅವರಿದ್ದಾಗ ಮುಟ್ಟಾಕೆ ಬಿಡ್ತಿರಲಿಲ್ಲ."

ಆ ನೂರರ ಅಡಿಯಲ್ಲಿ
ಉಬ್ಬಿದ್ದು ಒಂದೇ ಒಂದು,
ಎಡಸಿಂಹದ ಪಂಜದ ಕೆಳಗಿಂದ ಅಂಚಿನತ್ತ ಓರೆ.
ತಗ್ಗು ಗೆರೆ ಕೈಯದು, ಉಬ್ಬುಗೆರೆ ಅಚ್ಚಿನದು.
ಉಕ್ಕಿಗೆ ಹೊಳಪು ಕೊಡುವಾಗ
ಯಾರದೋ ಉಜ್ಜುಗಲ್ಲು ಜಾರಿದೆ.
ನಮ್ಮ ಕಸುಬೇ ತಿರುಗಾಮುರುಗಾ:
ಅಚ್ಚಿಗೆ ಗಾಯವಾದರೆ
ನಾಣ್ಯಕ್ಕೆ ಬಾಸುಂಡೆ.

ಎದ್ದು ಸೇದುವ ಪೆಟ್ಟಿಗೆ ಎಳೆದೆ.
ಹನ್ನೊಂದು ವರ್ಷದ ಹಿಂದೆ, ಚಿತ್ರದುರ್ಗದ ಸಂತೆಪೇಟೆಯಲ್ಲಿ
ಗಡಿಯಾರ ರಿಪೇರಿಯವನಿಂದ ಕೊಂಡದ್ದು.
ಅದೇ ಪಂಜ. ಅದೇ ಓರೆ.
ಗೆರೆ ಮಾತ್ರ ಕೂದಲೆಳೆ, ನಡುವೆ ಕಡಿದಿದೆ.

"ಒಂದೇ ಅಚ್ಚಿನವು ಇವು.
ಹೊಡೆದಂತೆಲ್ಲ ಗೆರೆ ಸವೆಯುತ್ತದೆ.
ನಿಮ್ಮದು ಮೊದಲು, ನನ್ನದು ಆಮೇಲೆ."
"ನಂದು ಅಕ್ಕ ಅನ್ರಿ.
ಅದಕ್ಕೆಷ್ಟು ಕೊಡ್ತಾರ?"
"ಗೊತ್ತಿಲ್ಲ. ಯಾವ ಕ್ಯಾಟಲಾಗಿನಲ್ಲೂ ಇಲ್ಲ.
ಬರೆದಿಟ್ಟುಕೊಂಡವನು ನಾನೊಬ್ಬನೇ ಇರಬೇಕು."

ಭೂತಗನ್ನಡಿ ಇಸಿದುಕೊಂಡರು.
ಮುಚ್ಚಬಾರದ ಕಣ್ಣು ಮುಚ್ಚಿದರು, ಬದಲಿಸಿದರು.
"ನನ್ನವು ಯಾವು ಇದರಾಗೆ?"
ತೋರಿಸಿದೆ.
ಎಷ್ಟೋ ಹೊತ್ತು.
ಬೆರಳು ಮಡಚುತ್ತಿದ್ದರು, ಗೆರೆಯನ್ನೋ ದೀಪಾವಳಿಯನ್ನೋ.

ಆಮೇಲೆ, ಮಾರಲು ಬಂದವರು,
ಸೊಂಟದ ಚೀಲ ಬಿಚ್ಚಿ ಕೇಳಿದರು:
"ಆ ತಂಗೀನ ಎಷ್ಟಕ್ಕೆ ಕೊಡ್ತೀರಿ?"
ಚೌಕಾಸಿ ಐದು ಗಂಟೆಯವರೆಗೂ ನಡೆಯಿತು.
ನಾನು ಕೊಡಲಿಲ್ಲ. ಅವರೂ ಕೊಡಲಿಲ್ಲ.
ಒಂದು ಪೊಟ್ಟಣ ಮಂಡಕ್ಕಿ ಇಟ್ಟು ಹೋದರು.

ರಾತ್ರಿ ಲೆಕ್ಕದ ಪುಸ್ತಕ ತೆಗೆದು ಬರೆದೆ:
ಹತ್ತು ರೂಪಾಯಿ, ಪ್ರೂಫ್, ಮುಂಬಯಿ.
ಪಂಜದ ಕೆಳಗೆ ಉಬ್ಬುಗೆರೆ, ಅಖಂಡ, ಮೊದಲ ಹಂತ.
ಇರುವ ಸ್ಥಳ: ಮಂಡಕ್ಕಿ ಭಟ್ಟಿ, ದಾವಣಗೆರೆ.
ಷರಾ: ವಿಭೂತಿ.